ಅಪ್ಪನ ಕೊರಡಿಗೆ ಬೂಷ್ಟು ಹಿಡಿದಿದ್ದು

ಸುಮಾರು ದಿನಗಳಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಮೊನ್ನೆ ಗೆಳೆಯರೊಬ್ಬರು ಫೋನ್ ಮಾಡಿ, "ನಿಮ್ಮದನ್ನು ನೋಡಿ ನಾವೂ ಒಂದು ಅಣಬೆ ಕೊರಡು ತಂದ್ವಿ. ಹಸಿರು ಬೂಷ್ಟು ಹಿಡಿದಿದೆ, ಬಿಸಾಡೋದಾ?" ಅಂದರು. ಬೇಡ ಅಂದೆ. ಯಾಕೆ ಅಂತ ಹೇಳಹೊರಟರೆ ಅದೊಂದು ದೊಡ್ಡ ಕತೆ...

2023ರ ಮಾರ್ಚಿನಲ್ಲಿ ಅಪ್ಪ ತೀರ್ಥಹಳ್ಳಿಯಿಂದ ಇಲ್ಲಿಗೆ, ಮಿಶಿಗನ್‌ಗೆ ಬಂದಿದ್ದರು. ಅಮ್ಮ ಹೋದ ಮೇಲೆ ಮೊದಲ ಸಲ. ಜೀವನವಿಡೀ ಅಡಿಕೆ ತೋಟದಲ್ಲಿ ಓಡಾಡಿದವರಿಗೆ ಇಲ್ಲಿ ಮಾಡಲು ಕೆಲಸವೇ ಇಲ್ಲ. ಕಿಟಕಿ ಪಕ್ಕ ಕೂತು ಹಿಮ ನೋಡುತ್ತಿದ್ದರು. ನನಗೇ ಸಂಕಟವಾಗಿ, ಶಿಟಾಕೆ ಅಣಬೆ ಬೆಳೆಯೋಣ ಅಂತ ಓಕ್ ಮರದ ಒಂದು ಹಸಿ ಕೊರಡನ್ನೂ ಅಣಬೆ ಬೀಜ ಹತ್ತಿಸಿದ ಮರದ ಬೆಣೆಗಳನ್ನೂ ತಂದೆ. ಆರಾರು ಇಂಚಿಗೆ ಒಂದರಂತೆ ಅಪ್ಪ ಒಂದಿಂಚು ಆಳದ ತೂತು ಕೊರೆದರು. ನಾನು ಬೆಣೆ ಬಡಿದೆ. ಬೇರೆ ಬೂಷ್ಟು ನುಗ್ಗದಿರಲಿ, ಒಳಗಿನ ನೀರು ಆರದಿರಲಿ ಅಂತ ಮೇಲೆ ಬಿಸಿ ಮೇಣ ಬಳಿದೆವು. ಆವತ್ತು ಅಪ್ಪ ಎರಡು ಸಲ ಕಾಫಿ ಕೇಳಿ ಕುಡಿದರು.

ಶಿಟಾಕೆ ಕೊರಡೆಲ್ಲ ಹಬ್ಬೋಕೆ ಆರು ತಿಂಗಳಿಂದ ಒಂದೂವರೆ ವರ್ಷ ಬೇಕು. ಆಗಸ್ಟಿನಲ್ಲಿ ಊರಿಗೆ ಹೊರಡುವಾಗ ಅಪ್ಪ ಹೇಳಿದ್ದು ಇಷ್ಟೇ: "ಕೊರಡು ನೋಡ್ಕೋ ಮಾರಾಯ."

ನೋಡಿಕೊಂಡೆ ನೋಡಿ! ಒಣಗಿಬಿಟ್ಟರೆ ಅನ್ನೋ ಭಯಕ್ಕೆ ಕೊರಡನ್ನು ಗರಾಜಿನೊಳಗೆ ತಂದು, ಪ್ಲಾಸ್ಟಿಕ್ ಸುತ್ತಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆ. ಮೂರು ವಾರಕ್ಕೆ ಬಿಚ್ಚಿ ನೋಡಿದರೆ ತೊಗಟೆ ತುಂಬಾ ಹಸಿರು ಪುಡಿ. ಟ್ರೈಕೋಡರ್ಮ ಅಂತ ಅದರ ಹೆಸರು. ಊರಲ್ಲಿ ಕೊಳೆ ರೋಗಗಳಿಗೆ ಮದ್ದು ಅಂತ ಗೊಬ್ಬರಕ್ಕೆ ಬೆರೆಸಿ ಹಾಕುತ್ತೇವಲ್ಲ, ಅದರದ್ದೇ ಬಳಗ. ಬೇರೆ ಶಿಲೀಂಧ್ರಗಳನ್ನು ತಿನ್ನೋದು ಅದರ ಗುಣ. ನಮ್ಮ ಅಣಬೆಯೂ ಶಿಲೀಂಧ್ರವೇ ತಾನೆ?

ಪ್ರತಿ ಭಾನುವಾರ ಅಪ್ಪನ ಪ್ರಶ್ನೆ, "ಕೊರಡು ಹೇಗಿದೆ?" "ಚೆನ್ನಾಗಿದೆ ಅಪ್ಪ" ಅಂತ ನಾಲ್ಕು ಭಾನುವಾರ ಸುಳ್ಳು ಹೇಳಿದೆ. ಐದನೇ ವಾರ ತಡೆಯಲಾಗಲಿಲ್ಲ.

"ಬೂಷ್ಟು ಬಂದಿದೆ ಅಪ್ಪ. ಮೈಲುತುತ್ತ ಸುಣ್ಣ ಹೊಡೀಲಾ?"

ಅಪ್ಪ ನಕ್ಕರು. "ಹೊಡೆದ್ರೆ ಬೂಷ್ಟಿನ ಜೊತೆ ನಿನ್ನ ಅಣಬೆನೂ ಸಾಯುತ್ತೆ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟೋವಾಗ ಕೆಳಗೆ ಬಾಯಿ ಬಿಟ್ಟಿರ್ತೀವಲ್ಲ, ಯಾಕೆ? ಗಾಳಿ ಆಡಲಿ ಅಂತ. ನೀನು ನೀರೂ ಹಾಕಿ ಬಾಯೂ ಕಟ್ಟಿದ್ದೀಯ. ನನ್ನನ್ನೂ ಹಂಗೇ ಚಳಿ ಚಳಿ ಅಂತ ಮನೆಯೊಳಗೆ ಮುಚ್ಚಿಟ್ಟಿದ್ದೆ!"

ಆಮೇಲೆ ಓದಿ ನೋಡಿದರೆ ಅಪ್ಪ ಹೇಳಿದ್ದೇ ಸರಿ. ನೀರು ಬೇಕಾಗಿರೋದು ಮರದ ಒಳಗೆ, ತೊಗಟೆ ಮೇಲಲ್ಲ. ದಿನಾ ಚಿಮುಕಿಸಿದ ನೀರು ಒಳಗೆ ಇಳಿಯೋದೇ ಇಲ್ಲ, ಮೇಲೆ ಕೂತು ಬೂಷ್ಟನ್ನು ಸಾಕುತ್ತೆ. ಪ್ಲಾಸ್ಟಿಕ್ ಕಿತ್ತುಹಾಕಿದೆ. ಕೊರಡನ್ನು ಹೊರಗೆ ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು (ಆ ಪುಡಿ ಉಸಿರಿನೊಳಗೆ ಹೋಗಬಾರದು) ಒಣ ಬ್ರಶ್ಶಿನಿಂದ ಉಜ್ಜಿದೆ. ಮನೆಯ ಉತ್ತರದ ನೆರಳಲ್ಲಿ, ನೆಲ ತಾಗದಂತೆ ಎರಡು ಇಟ್ಟಿಗೆ ಮೇಲೆ, ಊರಲ್ಲಿ ಸೌದೆ ಒಟ್ಟುವ ಹಾಗೇ ಇಟ್ಟೆ. ಮಳೆ ಇಲ್ಲದಾಗ ಎರಡು ವಾರಕ್ಕೊಮ್ಮೆ ಚೆನ್ನಾಗಿ ನೆನೆಯುವಷ್ಟು ನೀರು, ಆಮೇಲೆ ತೊಗಟೆ ಒಣಗಲು ಬಿಡೋದು, ಅಷ್ಟೇ. ಚಳಿಗಾಲದಲ್ಲಿ ಹಿಮದಡಿ ಮಲಗಿತ್ತು. ಅದಕ್ಕೇನೂ ಆಗಲಿಲ್ಲ.

ಇನ್ನೊಂದು ಮಾತು. ಕೊರಡಿನ ತುದಿಯಲ್ಲಿ ಬಿಳಿ ಮಚ್ಚೆ ಕಂಡರೆ ಗಾಬರಿಯಾಗಿ ಉಜ್ಜಬೇಡಿ. ಬಹಳ ಸಲ ಅದು ಶಿಟಾಕೆಯೇ, ಒಳಗೆಲ್ಲ ಹಬ್ಬಿ ತುದಿ ಮುಟ್ಟಿರುತ್ತೆ. ನಾನು ಗಾಬರಿಯಲ್ಲಿ ಅದನ್ನೂ ಒಂದಷ್ಟು ಕೆರೆದು ತೆಗೆದಿದ್ದೆ. :)

2024ರ ಸೆಪ್ಟೆಂಬರಿನಲ್ಲಿ ಕೊರಡನ್ನು ಒಂದು ದಿನ ತಣ್ಣೀರಲ್ಲಿ ಮುಳುಗಿಸಿ (ಸ್ನಾನದ ತೊಟ್ಟಿಯಲ್ಲಿ! ಹೆಂಡತಿ ಎರಡು ದಿನ ಮಾತಾಡಲಿಲ್ಲ) ಹೊರಗೆ ನಿಲ್ಲಿಸಿದೆ. ವಾರ ಕಳೆಯುವಷ್ಟರಲ್ಲಿ ತೊಗಟೆ ಸೀಳಿಕೊಂಡು ಕಂದು ಟೋಪಿಗಳು. ಎಣಿಸಿದೆ, ಹನ್ನೊಂದು. ವೀಡಿಯೋ ಕಾಲಿನಲ್ಲಿ ಅಪ್ಪನಿಗೆ ಒಂದೊಂದಾಗಿ ತೋರಿಸಿದೆ.

"ಅಪ್ಪ, ಆಗ ಚೆನ್ನಾಗಿದೆ ಅಂತ ಸುಳ್ಳು ಹೇಳಿದ್ದೆ" ಅಂದೆ.

"ಗೊತ್ತಿತ್ತು ಬಿಡು. ಚೆನ್ನಾಗಿದ್ದಿದ್ರೆ ಫೋಟೋ ಕಳಿಸಿರ್ತಿದ್ದೆ" ಅಂದರು.

ಅಪ್ಪ ಮುಂದಿನ ಸಲ ಬರುವುದನ್ನೇ ಕಾಯ್ತಿದ್ದೇನೆ. ಈ ಸಲ ನಾಲ್ಕು ಕೊರಡು ತರಬೇಕು, ಅಪ್ಪನನ್ನೂ ಹೊರಗೇ ಬಿಡಬೇಕು. ನಿಮ್ಮ ಮನೆಯಲ್ಲೂ ಯಾರಾದರೂ ಕೊರಡಿಗೆ ಪ್ಲಾಸ್ಟಿಕ್ ಸುತ್ತಿದ್ದರೆ ಇವತ್ತೇ ಬಿಚ್ಚಿ. ಏನಾಯ್ತು ಅಂತ ಕಾಮೆಂಟಿಸೋದು ಮರೀಬೇಡಿ.