ಕಪಿಲೆಯ ಮರಳಿಗೆ

ಪ್ರಿಯ ಮರಳೇ,

ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ನಿನ್ನ ಎದುರು ಲೆಕ್ಕ ತಪ್ಪುತ್ತಿತ್ತು. ಮುಂದಿರುವುದು ಏನೇ ಆಗಲಿ, ಅದು ನಡುಬೂದು ಬಣ್ಣದ್ದೇ ಎಂದು ನಂಬಿ ಬೆಳಕು ಅಳೆಯುವುದು ಅದರ ಜಾಯಮಾನ. ಮಾರ್ಚ್ ತಿಂಗಳ ಬಿಸಿಲಲ್ಲಿ ಹೊಳೆಯುತ್ತಾ ಮಲಗಿದ್ದ ನಿನ್ನನ್ನೂ ಅದು ಮಂಕು ಮಾಡಿಬಿಡುತ್ತಿತ್ತು. ಅದಕ್ಕೇ ಹೊಳೆಗೆ ಇಳಿದೊಡನೆ ಒಂದೂವರೆ ಸ್ಟಾಪ್ ಹೆಚ್ಚಿಗೆ ಬೆಳಕು ಬಿಡುವುದು ನಮ್ಮಂಥ ಹವ್ಯಾಸಿಗಳ ರೂಢಿ. ಈಗ ನಂಜನಗೂಡಿನಲ್ಲಾಗಲಿ, ತಿ. ನರಸೀಪುರದಲ್ಲಾಗಲಿ ಆ ಲೆಕ್ಕ ಬೇಕಾಗುವುದೇ ಅಪರೂಪ. ಕಪಿಲೆ ಕಾವೇರಿಯನ್ನು ಸೇರುವ ಸಂಗಮದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಉಳಿದಿದ್ದೀಯೆ, ನಿಜ. ಉಳಿದ ಕಡೆ ಚೌಕಟ್ಟಿನ ಕೆಳಗೆ ಬರುವುದು ಜೊಂಡು, ಕೆಸರು, ಅಂತರಗಂಗೆ, ಕುಸಿದ ದಡ.

ನಿನ್ನಿಂದ ಆಗುತ್ತಿದ್ದ ಉಪಕಾರವನ್ನು ಫೋಟೊ ತೆಗೆಯುವವರೇ ಹೇಳಬೇಕು. ಕಪಿಲೆಯಲ್ಲಿ ಮುಳುಗೆದ್ದು, ಮುಡಿ ಕೊಟ್ಟ ತಲೆಗೆ ಗಂಧ ಹಚ್ಚಿಕೊಂಡು, ನಂಜುಂಡೇಶ್ವರನ ಗೋಪುರದ ಕಡೆ ಕೈಮುಗಿದು ನಿಂತ ಅಜ್ಜಿಯ ಮುಖವನ್ನು ನಡುಹಗಲಲ್ಲಿ ತೆಗೆಯುವುದು ಕಷ್ಟ. ನೆತ್ತಿಯ ಮೇಲಿನ ಸೂರ್ಯ ಹುಬ್ಬಿನ ಕೆಳಗೆಲ್ಲ ಕತ್ತಲೆ ಮಾಡುತ್ತಾನೆ, ಕಣ್ಣೇ ಕಾಣುವುದಿಲ್ಲ. ಕಾಲಡಿಯಲ್ಲಿ ನೀನಿದ್ದಾಗ ಆ ತೊಂದರೆ ಇರಲಿಲ್ಲ. ಬಿದ್ದ ಬಿಸಿಲನ್ನು ಮೇಲಕ್ಕೆ ಎರಚಿ ಗದ್ದದ ಅಡಿ, ಮೂಗಿನ ಪಕ್ಕ, ಕಣ್ಣಿನ ಗೂಡು ಎಲ್ಲವನ್ನೂ ಬೆಳಗುತ್ತಿದ್ದೆ. ಸುಕ್ಕಿನಲ್ಲಿ ನಿಂತ ನೀರಹನಿಯೂ ಕಾಣುತ್ತಿತ್ತು. ಸ್ಟುಡಿಯೋದವರು ಬಿಳಿ ಥರ್ಮೊಕೋಲ್ ಹಲಗೆ ಹಿಡಿದು ಮಾಡುವ ಕೆಲಸವನ್ನು ನೀನು ಹೊಳೆಯ ಅಗಲಕ್ಕೂ ಪುಕ್ಕಟೆ ಮಾಡಿಕೊಡುತ್ತಿದ್ದೆ. ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ, ಮುಂದೆ ರೈಲನ್ನೂ ಹೊತ್ತ ಹಳೇ ಸೇತುವೆಯ ಕಮಾನುಗಳನ್ನು ಕೆಳಗಿನಿಂದ ತೆಗೆಯಬೇಕಾದರೂ ನಿನ್ನ ಮೇಲೇ ನಿಲ್ಲಬೇಕಿತ್ತು.

ತಿ. ನರಸೀಪುರದ ಕಡೆ ಬೇಸಿಗೆಯಲ್ಲಿ ನೀರು ಹೊರುವ ಹೆಂಗಸರು ಹರಿವ ಹೊಳೆ ಪಕ್ಕದಲ್ಲೇ ಇದ್ದರೂ ಅದಕ್ಕೆ ಕೊಡ ಅದ್ದುತ್ತಿರಲಿಲ್ಲ. ನಿನ್ನೊಳಗೆ ಮೊಣಕೈ ಆಳಕ್ಕೆ ಒರತೆ ತೋಡುತ್ತಿದ್ದರು. ಮೊದಲು ಬಂದ ಕದಡಿದ ನೀರನ್ನು ಕರಟದಲ್ಲಿ ಮೊಗೆದು ಆಚೆ ಚೆಲ್ಲಿ, ಸೆರಗು ಸಿಕ್ಕಿಸಿಕೊಂಡು ಸುಮ್ಮನೆ ಕೂರುತ್ತಿದ್ದರು. ಗುಂಡಿಯ ಅಂಚಿನಿಂದ ನಿನ್ನ ಕಾಳುಗಳು ಒಂದೊಂದಾಗಿ ಜಾರಿ ತಳ ಸೇರುವುದು ನಿಲ್ಲಬೇಕು. ನಿಂತ ಮೇಲೆ ನೀರು ತಿಳಿಯಾಗಿ, ಅಂಗೈಯಗಲದ ಆಕಾಶ ಅದರಲ್ಲಿ ಮೂಡಬೇಕು. ಆಗ ಕರಟ ಇಳಿಯುತ್ತಿತ್ತು. ಕರಟ ತಾಗಿ ಆ ಆಕಾಶ ಒಡೆಯುವ ಗಳಿಗೆಗೆ ಮಂಡಿಯೂರಿ ಕಾದಿದ್ದೇನೆ. ‘ಪೋಟಾ ಆಮ್ಯಾಕ್ ತೆಗೀವಂತೆ, ಮೊದ್ಲು ನೀರ್ ಕುಡಿ’ ಅಂತ ಕರಟ ಚಾಚಿದವರೂ ಇದ್ದರು. ಆ ನೀರನ್ನು ಸೋಸಿ ಕೊಟ್ಟವನು ನೀನು.

ನದಿ ರೀವದ ಮಾತನ್ನೂ ಹೇಳಬೇಕು. ಹಳದಿ ಕೊಕ್ಕಿನ, ಕರಿನೆತ್ತಿಯ ಆ ಹಕ್ಕಿ ಗೂಡು ಕಟ್ಟುವುದಿಲ್ಲ. ನೀರು ಇಳಿದು ದಿಬ್ಬ ಎದ್ದ ಮೇಲೆ ನಿನ್ನ ಮೇಲೆ ಎದೆಯೊತ್ತಿ ಒಂದು ಕುಳಿ ಮಾಡಿ ಅಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆಗೂ ನಿನ್ನದೇ ಬಣ್ಣ, ನಿನ್ನದೇ ಕಂದು ಚುಕ್ಕಿ. ಅದನ್ನು ಬಚ್ಚಿಡುವುದು ಆ ಬಣ್ಣವೇ. ನೀನಿಲ್ಲದ ದಡದಲ್ಲಿ ಅದು ಯಾವುದರಲ್ಲಿ ಬೆರೆಯಬೇಕು? ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಈಗ ಅದು ಅಪಾಯಕ್ಕೆ ಸಿಕ್ಕ ಹಕ್ಕಿ. ಅದರ ಸಂಸಾರದ ಚಿತ್ರ ಬೇಕೆಂದರೆ ಕ್ಯಾಮೆರಾ ಹೆಗಲೇರಿಸಿ ಲಕ್ಕವಳ್ಳಿಗೆ, ಭದ್ರಾ ಹಿನ್ನೀರಿನ ನಡುಗಡ್ಡೆಗಳಿಗೆ ಹೋಗುತ್ತೇವೆ.

ನೀನು ಹೋದ ದಾರಿ ಎಲ್ಲರಿಗೂ ಗೊತ್ತು. ಮೈಸೂರು, ಬೆಂಗಳೂರಿನ ತಾರಸಿಗಳಲ್ಲಿ, ಕಂಬಗಳಲ್ಲಿ, ಗೋಡೆಗಳಲ್ಲಿ ಇದ್ದೀಯೆ. ಮರುಭೂಮಿಯ ಮರಳು ಗಾಳಿಗೆ ಉರುಳಿ ಉರುಳಿ ನುಣುಪಾಗಿ ಸಿಮೆಂಟಿಗೆ ಸರಿಯಾಗಿ ಕಚ್ಚಿಕೊಳ್ಳದು. ಹೊಳೆಯ ಮರಳಿಗೆ ಇನ್ನೂ ಮೂಲೆಗಳಿರುತ್ತವೆ, ಅದಕ್ಕೇ ಈ ಬೇಡಿಕೆ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ ಎನ್ನುತ್ತದೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ. ಸಣ್ಣ ಗುತ್ತಿಗೆಯಾದರೂ ಸರಿ, ಪರಿಸರ ಅನುಮತಿ ಇಲ್ಲದೆ ತೆಗೆಯಕೂಡದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ರಾತ್ರಿ ಹೊತ್ತು ಹೊಳೆಗಿಳಿಯುವ ಟ್ರ್ಯಾಕ್ಟರುಗಳಿಗೆ ಅದು ಕೇಳಿಸಲಿಲ್ಲ. ತೋಡಿದಲ್ಲಿ ಮಡುವಾಯಿತು, ನೆಲ ಇದೆಯೆಂದು ನಂಬಿ ಕಾಲಿಟ್ಟ ಮಕ್ಕಳನ್ನು ಅಂಥ ಮಡುಗಳು ನುಂಗಿವೆ. ಈ ಮಾತು ಬರೆಯುವಾಗ ಸಿಟ್ಟು ಬರುತ್ತದೆ.

ತೆಗೆದದ್ದು ಮತ್ತೆ ತುಂಬಲಿಕ್ಕೂ ಹಾದಿಯಿಲ್ಲ. ವಯನಾಡಿನ ಬೆಟ್ಟಗಳಿಂದ ಕಪಿಲೆ ತರುವ ಮರಳು 1974ರಲ್ಲಿ ಮುಗಿದ ಬೀಚನಹಳ್ಳಿ ಕಟ್ಟೆಯ ಹಿಂದೆ ಕೂರುತ್ತದೆ, ಕೊಡಗಿನಿಂದ ಕಾವೇರಿ ತರುವುದು ಕನ್ನಂಬಾಡಿಯ ಹಿಂದೆ. 2019ರ ಪ್ರವಾಹದಲ್ಲಿ ನಂಜನಗೂಡಿನ ಹದಿನಾರು ಕಾಲು ಮಂಟಪವನ್ನೇ ಮುಳುಗಿಸಿದ ನೀರು ಕೂಡ ಹಿಂದಿನಷ್ಟು ನಿನ್ನನ್ನು ಹೊತ್ತು ತರಲಾರದು.

ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ನೀನು ಗಂಗರ ರಾಜಧಾನಿಯನ್ನೇ ಹೂತವನು. ಜನ ಅದನ್ನು ಅಲಮೇಲಮ್ಮನ ಶಾಪ ಎಂದರು. ಮಾಧವಮಂತ್ರಿ ಕಟ್ಟೆಯಿಂದ ಹೊಳೆಯ ಪಾತ್ರ ಒಣಗಿ, ಮರಳು ಗಾಳಿಗೆ ಸಿಕ್ಕಿತು ಎಂದರು ಕೆಲವು ವಿದ್ವಾಂಸರು. 2020ರ ಪಂಚಲಿಂಗ ದರ್ಶನಕ್ಕೂ ನಿನ್ನ ನಡುವೆಯೇ ಇಳಿದು ಪಾತಾಳೇಶ್ವರನನ್ನು ಕಾಣಬೇಕಾಯಿತು. ಒಂದು ಕಟ್ಟೆ ನಿನ್ನನ್ನು ಊರ ಮೇಲೆ ಸುರಿದರೆ, ಇನ್ನೆರಡು ನಿನ್ನನ್ನು ಊರಿಗೆ ಬಾರದಂತೆ ತಡೆದಿವೆ. ಶಾಪದ ಕಥೆಗಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ.

ಈಗ ನಾನು ಮಾಡುತ್ತಿರುವ ಕೆಲಸ ಹೇಳಿಬಿಡುತ್ತೇನೆ. ಹೊಳೆದಡದ ಊರುಗಳಲ್ಲಿ ಮದುವೆಯಾದ ಮರುದಿನ ಹೆಣ್ಣು ಗಂಡನ್ನು ಹೊಳೆಗೆ ಕರೆದೊಯ್ದು ಫೋಟೊ ತೆಗೆಸುವ ವಾಡಿಕೆಯಿತ್ತು. ಶಾಲೆಯ ಪ್ರವಾಸದವರೂ, ಮುಡಿ ಕೊಡಲು ಬಂದವರೂ ಹೊಳೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತು ತೆಗೆಸಿಕೊಂಡಿದ್ದಾರೆ. ಆ ಚಿತ್ರಗಳಲ್ಲಿ ಜನರನ್ನು ಬಿಟ್ಟು ಅವರ ಕಾಲ ಕೆಳಗೆ ನೋಡುತ್ತಿದ್ದೇನೆ. ನೀನು ಎಷ್ಟನೇ ಮೆಟ್ಟಿಲಿನವರೆಗೆ ಬಂದಿದ್ದೆ ಎನ್ನುವುದು ಅಲ್ಲಿ ಸ್ಪಷ್ಟವಾಗಿದೆ. ಕಲ್ಲಿನ ಮೆಟ್ಟಿಲುಗಳು ಎಣಿಸಲು ಸಿಗುತ್ತವೆ. ನಮ್ಮ ಊರಿನ ಹೊಳೆಯಲ್ಲಿ ಯಾವ ಇಸವಿಯಲ್ಲಿ ಎಷ್ಟು ಮರಳಿತ್ತು ಎಂಬುದಕ್ಕೆ ನನ್ನ ಕೈಗೆ ಸಿಕ್ಕ ಸಾಕ್ಷಿ ಈ ಆಲ್ಬಂಗಳೇ. ಮಸುಕಾದ ಪ್ರಿಂಟುಗಳನ್ನು ಕಿಟಕಿ ಬೆಳಕಲ್ಲಿಟ್ಟು ಮತ್ತೆ ತೆಗೆದು, ಹಿಂಬದಿಯಲ್ಲಿ ಬರೆದ ತಾರೀಖನ್ನೂ ತೆಗೆದುಕೊಳ್ಳುತ್ತಿದ್ದೇನೆ. ಏಪ್ರಿಲ್‌ನಲ್ಲಿ ನೀರು ಇಳಿದಾಗ ಅದೇ ಮೆಟ್ಟಿಲುಗಳ ಎದುರು, ಅದೇ ಕೋನದಲ್ಲಿ ನಿಂತು ಈಗಿನ ಚಿತ್ರವನ್ನು ಪಕ್ಕಕ್ಕೆ ಸೇರಿಸಬೇಕು. ಈ ಪತ್ರವನ್ನು ನಾಲ್ಕು ಜನ ಓದಲಿ ಎಂದೇ ಬಹಿರಂಗವಾಗಿ ಬರೆದೆ: ನಂಜನಗೂಡು, ತಿ. ನರಸೀಪುರದ ಯಾರ ಮನೆಯ ಟ್ರಂಕಿನಲ್ಲಾದರೂ ಹೊಳೆಯಲ್ಲಿ ತೆಗೆದ ಹಳೆಯ ಫೋಟೊ ಇದ್ದರೆ, ಅದನ್ನು ಎಸೆಯುವ ಮುಂಚೆ ಒಮ್ಮೆ ನನ್ನ ಕಣ್ಣಿಗೆ ಹಾಕಲಿ.

ಇಂತಿ ನಿನ್ನ,
ಹೊಳೆದಡದ ಒಬ್ಬ ಹವ್ಯಾಸಿ ಛಾಯಾಗ್ರಾಹಕ