ಎಷ್ಟು ಕೊಡುತ್ತೆ?

ನಾಯಕನಹಟ್ಟಿಯಲ್ಲಿ ಯಾರಾದರೂ ಹೊಸ ಪಿಕಪ್ ತಂದು, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮುಗಿಸುವುದರೊಳಗೆ, ನೋಡಲು ಬಂದವರ ಬಾಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: 'ಎಷ್ಟು ಕೊಡುತ್ತೆ?' ಸಾಲ ಎಷ್ಟು, ಕಂತು ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದೇ ಮೊದಲು. ಕೇಳುವುದರಲ್ಲಿ ತಪ್ಪೇನಿಲ್ಲ. ಶೇಂಗಾ ಮೂಟೆ ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ, ಈರುಳ್ಳಿ ಬೆಂಗಳೂರಿನ ಮಾರುಕಟ್ಟೆಗೆ ಹೋಗಬೇಕು. ಬಾಡಿಗೆಯಲ್ಲಿ ಡೀಸೆಲ್ಲಿನ ದುಡ್ಡು ಕಳೆದು ಉಳಿದದ್ದೇ ಮನೆಯ ದಿನಸಿ, ಅದೇ ಮಕ್ಕಳ ಫೀಸು.

ಆ ಊರಿನ ಒಂದು ಮನೆಯಲ್ಲಿ ಈ ಪ್ರಶ್ನೆ ಅಣ್ಣ ತಮ್ಮಂದಿರ ನಡುವೆ ದೊಡ್ಡ ವಾದವಾಗಿ ಬೆಳೆಯಿತು. ಅಣ್ಣ ಇಪ್ಪತ್ತು ವರ್ಷದಿಂದ ಊರಲ್ಲೇ ಪಿಕಪ್ ಓಡಿಸಿದವರು. ತಮ್ಮ ದುಬೈನಲ್ಲಿ ಕಂಪನಿಯೊಂದರ ಆಟೋಮ್ಯಾಟಿಕ್ ಪಿಕಪ್ ಓಡಿಸಿ ಬಂದವರು. ಹಳೆಯ ಗಾಡಿ ಮಾರಿ ಹೊಸದು ತೆಗೆಯುವ ಮಾತು ಬಂದಾಗ ತಮ್ಮ ಹೇಳಿದರು: 'ಅಣ್ಣಾ, ಇನ್ನೂ ಎಷ್ಟು ದಿನ ಕ್ಲಚ್ ತುಳೀತೀಯಾ? ನಿನ್ನ ಎಡ ಮಂಡಿ ನೋಡಿದ್ರೆ ಸಾಕು, ಗೊತ್ತಾಗ್ತೈತೆ. ಆಟೋಮ್ಯಾಟಿಕ್ ತಗೋ.' ಅಣ್ಣನ ಉತ್ತರ ಸಿದ್ಧವಾಗಿತ್ತು: 'ಅದು ಡೀಸೆಲ್ ಕುಡೀತೈತೆ ಕಣಪ್ಪ. ನಮ್ಮಂಥೋರಿಗಲ್ಲ.'

ಇವರ ಮಾತು ಕೇಳುತ್ತಾ ಕೂತಿದ್ದವಳು ಅಣ್ಣನ ಮಗಳು, ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಅವಳು ಪುಸ್ತಕ ಬಿಟ್ಟು ಟಿ.ವಿ. ಮುಂದೆ ಕೂತಾಗಲೆಲ್ಲ ಅಪ್ಪ ಗದರುವುದು ಒಂದೇ ಮಾತು: 'ಓದ್ದೇ ಹೋದ್ರೆ ನನ್ನಂಗೆ ಸ್ಟೇರಿಂಗ್ ತಿರುಗಿಸ್ಕೊಂಡು ಇರಬೇಕಾಗ್ತೈತೆ, ನೋಡು ಮಗಾ!' ಈ ಮಾತನ್ನು ನಮ್ಮ ಎಷ್ಟು ಮನೆಗಳಲ್ಲಿ ಹೇಳುವುದಿಲ್ಲ! ಅಂದು ಅವಳು, 'ಇರಿ ಅಪ್ಪಾ, ಇರಿ ಚಿಕ್ಕಪ್ಪಾ, ಲೆಕ್ಕ ಹಾಕಿ ನೋಡೋಣ' ಎಂದು ನೋಟ್‌ಪುಸ್ತಕ ತೆರೆದಳು.

ಲೆಕ್ಕಕ್ಕೆ ಮೊದಲು ಗೇರ್ ಏಕೆ ಬೇಕು ಎಂಬುದು ತಿಳಿಯಬೇಕು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವುದನ್ನು ನೋಡಿದವರಿಗೆ ಇದು ಸುಲಭ. ನಿಂತ ತೇರನ್ನು ಕದಲಿಸಲು ಎಲ್ಲರೂ ಮೈಯೆಲ್ಲ ಬಲ ಹಾಕಬೇಕು. ಉರುಳತೊಡಗಿದ ಮೇಲೆ ಅಷ್ಟು ಬಲ ಬೇಡ. ಎಂಜಿನ್ ಎಂಬುದು ಒಂದು ಹದವಾದ ವೇಗದಲ್ಲಿ ತಿರುಗಿದರೆ ಮಾತ್ರ ಚೆನ್ನಾಗಿ ದುಡಿಯುವ ಯಂತ್ರ. ನಿಂತ ಗಾಡಿಯನ್ನು ಎಳೆಯುವಾಗ ಅದಕ್ಕೆ ಮೊದಲ ಗೇರು ಬಲವನ್ನು ಹೆಚ್ಚಿಸಿಕೊಡುತ್ತದೆ, ವೇಗವನ್ನು ತಗ್ಗಿಸುತ್ತದೆ. ಓಡತೊಡಗಿದ ಮೇಲೆ ಟಾಪ್ ಗೇರು ಬಲ ಕಡಿಮೆ ಮಾಡಿ ವೇಗ ಕೊಡುತ್ತದೆ.

ಹಾಗಾದರೆ ಡೀಸೆಲ್ ಎಲ್ಲಿ ಪೋಲಾಗುತ್ತದೆ? ಚಳ್ಳಕೆರೆಯನ್ನು ಎಣ್ಣೆಯ ಊರೆಂದೇ ಕರೆಯುತ್ತಾರಷ್ಟೆ. ಹಳೆಯ ಎತ್ತಿನ ಗಾಣವನ್ನು ನೆನೆಯಿರಿ. ಗಾಣದಲ್ಲಿ ಕಾಳಿರಲಿ ಇಲ್ಲದಿರಲಿ, ಎತ್ತು ಸುತ್ತು ಹಾಕಿದರೆ ಅದಕ್ಕೆ ಮೇವು ಬೇಕೇ ಬೇಕು. ಎಂಜಿನ್ನೂ ಹಾಗೆಯೇ. ತನ್ನ ಪಿಸ್ಟನ್, ಪಂಪು, ಬೇರಿಂಗುಗಳನ್ನು ತಿರುಗಿಸಿಕೊಳ್ಳುವುದಕ್ಕೇ ಒಂದಷ್ಟು ಡೀಸೆಲ್ ಉರಿಸುತ್ತದೆ. ಎಷ್ಟು ಸುತ್ತು ಹೆಚ್ಚೋ ಅಷ್ಟು ದಂಡ. ಆದ್ದರಿಂದ ಒಂದೇ ಕೆಲಸವನ್ನು ಕಡಿಮೆ ಸುತ್ತಿನಲ್ಲಿ, ತುಂಬು ಭಾರದಲ್ಲಿ ಮಾಡಿಸಿದರೆ ಮೈಲೇಜ್ ಹೆಚ್ಚು. ತೀರಾ ಕಡಿಮೆ ಸುತ್ತಿನಲ್ಲಿ ಎಳೆಸಿದರೆ ಎಂಜಿನ್ ಗುದ್ದಿಕೊಳ್ಳುತ್ತದೆ, ಅದಕ್ಕೆ ಪೆಟ್ಟು. ಈ ಎರಡರ ನಡುವಿನ ಹದವನ್ನು ಹಿಡಿಯುವುದೇ ಗೇರ್ ಬದಲಿಸುವವನ ಜಾಣ್ಮೆ. ಆ ಬದಲಿಸುವವನು ಮನುಷ್ಯನೋ ಯಂತ್ರವೋ ಎಂಬುದೇ ಅಣ್ಣ ತಮ್ಮಂದಿರ ಜಗಳದ ಮೂಲ.

ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಜಾಗದಲ್ಲಿ ಸಾಮಾನ್ಯವಾಗಿ ಇರುವುದು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಡಿ. ಅದರ ಗಾಳಿಗೆ ಎರಡನೆಯದೂ ತಿರುಗುತ್ತದೆ. ಆದರೆ ಸ್ವಲ್ಪ ನಿಧಾನ. ಗಾಳಿಯ ಬದಲು ಎಣ್ಣೆ ತುಂಬಿದರೆ ಅದೇ ಈ ಯಂತ್ರದ ತತ್ವ. ಜರ್ಮನಿಯ ಎಂಜಿನಿಯರ್ ಹರ್ಮನ್ ಫಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ! ಗೇರ್ ತಾನೇ ಬದಲಾಗುವ ಕಾರುಗಳು ಅಮೆರಿಕದ ಮಾರುಕಟ್ಟೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1939ರಿಂದೀಚೆಗೆ, ಜನರಲ್ ಮೋಟಾರ್ಸ್ ಕಂಪನಿಯ 'ಹೈಡ್ರಾಮ್ಯಾಟಿಕ್' ಮೂಲಕ.

ಎರಡನೆಯ ಫ್ಯಾನು ಹಿಂದೆ ಬೀಳುವ ಆ 'ಸ್ವಲ್ಪ ನಿಧಾನ'ದಲ್ಲೇ ಅಣ್ಣನ ವಾದಕ್ಕೆ ಆಧಾರವಿದೆ. ಜಾರಿಹೋದ ಶಕ್ತಿಯೆಲ್ಲ ಎಣ್ಣೆಯನ್ನು ಬಿಸಿ ಮಾಡುತ್ತದೆ. ಅದನ್ನು ತಣಿಸಲು ಬೇರೆ ವ್ಯವಸ್ಥೆಯೇ ಬೇಕು. ಜೊತೆಗೆ ಎಣ್ಣೆಯ ಪಂಪನ್ನು ಸದಾ ತಿರುಗಿಸಬೇಕು. ಹಳೆಯ ಆಟೋಮ್ಯಾಟಿಕ್‌ಗಳಿಗೆ ಇದ್ದದ್ದು ಮೂರೋ ನಾಲ್ಕೋ ಗೇರು. ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವುದರಿಂದ ಎಂಜಿನ್ನಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಆಚೆಗೆ ತಲುಪುತ್ತದೆ. ಆಟೋಮ್ಯಾಟಿಕ್ ಡೀಸೆಲ್ ಕುಡಿಯುತ್ತದೆ ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಆಗ ಅದು ನಿಜವೂ ಆಗಿತ್ತು.

1973ರಲ್ಲಿ ತೈಲದ ಬಿಕ್ಕಟ್ಟು ಬಂದು ಬೆಲೆ ಗಗನಕ್ಕೇರಿದ ಮೇಲೆ ತಯಾರಕರು ಎಚ್ಚೆತ್ತುಕೊಂಡರು. ಗಾಡಿ ಹದವಾದ ವೇಗಕ್ಕೆ ಬಂದೊಡನೆ ಎರಡೂ 'ಫ್ಯಾನು'ಗಳನ್ನು ಒಂದಕ್ಕೊಂದು ಬಿಗಿದುಬಿಡುವ ಲಾಕ್‌ಅಪ್ ಕ್ಲಚ್ ಎಂಬ ಉಪಾಯ ಮೊದಲೇ ಇತ್ತು, ಆಮೇಲೆ ಎಲ್ಲೆಡೆ ಬಳಕೆಗೆ ಬಂತು. ಬಿಗಿದ ಮೇಲೆ ಜಾರುವ ಮಾತೇ ಇಲ್ಲ. ಗೇರುಗಳೂ ಐದಾದವು, ಆರಾದವು. ಅಮೆರಿಕದ ಫೋರ್ಡ್ ಎಫ್-150 ಪಿಕಪ್ಪಿಗೆ 2017ರ ಮಾದರಿಯಿಂದ ಹತ್ತು ಗೇರಿನ ಆಟೋಮ್ಯಾಟಿಕ್ ಬಂತು. ಹತ್ತು ಗೇರನ್ನು ಕೈಯಿಂದ ಬದಲಿಸುತ್ತಾ ಕೂತರೆ ಡ್ರೈವರನಿಗೆ ರಸ್ತೆ ನೋಡಲು ಪುರುಸೊತ್ತೆಲ್ಲಿ? ಯಂತ್ರಕ್ಕೆ ಆ ಕಷ್ಟವಿಲ್ಲ. ಎಂಜಿನ್ನನ್ನು ಸದಾ ಹದದಲ್ಲೇ ಇಡುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ದಾರಿಯೂ ಇದೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನಲ್ಲಿ ಬಂದ ಎ.ಎಂ.ಟಿ. ಹೊಸ ಬಗೆಯ ಗೇರ್‌ಬಾಕ್ಸೇ ಅಲ್ಲ. ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸಿಗೆ ಡ್ರೈವರನ ಕೈಕಾಲಿನ ಕೆಲಸ ಮಾಡುವ ಒಂದು ಯಂತ್ರವನ್ನು ಜೋಡಿಸಿದ್ದಾರೆ, ಅಷ್ಟೆ. ಆಗ ಕಂಪನಿ ಪ್ರಕಟಿಸಿದ ಮೈಲೇಜ್ ಎರಡಕ್ಕೂ ಒಂದೇ: ಲೀಟರಿಗೆ 23.1 ಕಿಲೋಮೀಟರ್.

'ನೋಡಿದ್ಯಾ ಅಣ್ಣಾ!' ಎಂದು ಚಿಕ್ಕಪ್ಪ ನಕ್ಕರು. ಹುಡುಗಿ ಅವರನ್ನೂ ತಡೆದಳು. ಪ್ರಕಟವಾಗುವ ಮೈಲೇಜ್ ಪರೀಕ್ಷಾ ಕೇಂದ್ರದ್ದು. ಅಲ್ಲಿ ಮ್ಯಾನುಯಲ್ ಗಾಡಿಯ ಗೇರನ್ನು ಯಾವ ವೇಗದಲ್ಲಿ ಬದಲಿಸಬೇಕೆಂಬುದೂ ನಿಯಮದಲ್ಲೇ ಗೊತ್ತಾಗಿರುತ್ತದೆ. ಅಲ್ಲಿ ಓಡುವುದು ನಿಯಮದ ಡ್ರೈವರ್, ಅಪ್ಪನಲ್ಲ. ಎರಡು ಗಾಡಿಗಳ ಎಂಜಿನ್ ಕೂಡ ಒಂದೇ ಎಂದು ತಿಳಿಯಬಾರದು. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್ ಪಿಕಪ್ಪಿನ 2.8 ಲೀಟರ್ ಎಂಜಿನ್ ಮ್ಯಾನುಯಲ್‌ನಲ್ಲಿ 420 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟರೆ, ಆಟೋಮ್ಯಾಟಿಕ್‌ನಲ್ಲಿ 500 ಕೊಡುತ್ತಿತ್ತು. ಹೋಲಿಸುವ ಮೊದಲು ಇಂಥವನ್ನೂ ನೋಡಬೇಕು.

ಆಮೇಲೆ ಬಂತು ಅವಳ ಲೆಕ್ಕ. ಗಾಡಿಯೂ ಸರಕೂ ಸೇರಿ 3 ಟನ್ ಎನ್ನೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಟೈರಿನ ಉರುಳುಪ್ರತಿರೋಧ ಸುಮಾರು 350 ನ್ಯೂಟನ್, ಗಾಳಿಯ ತಡೆ ಸುಮಾರು 175. ಒಟ್ಟು 525. ವೇಗ 80ಕ್ಕೆ ಏರಿದರೆ ಟೈರಿನದು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 445ಕ್ಕೆ ಜಿಗಿಯುತ್ತದೆ. ಒಟ್ಟು ಸುಮಾರು 800 ನ್ಯೂಟನ್! ಅಂದರೆ ಪ್ರತಿ ಕಿಲೋಮೀಟರಿಗೆ ಬೇಕಾದ ಶಕ್ತಿ ಒಂದೂವರೆ ಪಟ್ಟು.

ಇನ್ನು ಹಂಪುಗಳು. 50ರ ವೇಗದಲ್ಲಿರುವ 3 ಟನ್ ಗಾಡಿಯ ಚಲನಶಕ್ತಿ ಸುಮಾರು 2.9 ಲಕ್ಷ ಜೂಲ್. ಬ್ರೇಕ್ ಒತ್ತಿ ನಿಲ್ಲಿಸಿದರೆ ಅದೆಲ್ಲ ಬಿಸಿಯಾಗಿ ಹೋಯಿತು. ಮತ್ತೆ ಅದೇ ವೇಗಕ್ಕೆ ಬರಲು ಅಷ್ಟನ್ನೂ ಹೊಸದಾಗಿ ಕೊಡಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 360 ಲಕ್ಷ ಜೂಲ್ ಶಕ್ತಿ ಇದ್ದರೂ ಚಕ್ರಕ್ಕೆ ತಲುಪುವುದು ಹೆಚ್ಚುಕಡಿಮೆ ಕಾಲು ಭಾಗ, 90 ಲಕ್ಷ. ಹಾಗಾದರೆ ಒಮ್ಮೆ ನಿಂತು ಮತ್ತೆ 50ಕ್ಕೆ ಏರಲು ಸುಮಾರು 30 ಮಿಲಿಲೀಟರ್ ಬೇಕು. ಮಕ್ಕಳ ಔಷಧಿ ಬಾಟಲಿಯ ಹತ್ತು ಮಿಲಿಯ ಮುಚ್ಚಳದಲ್ಲಿ ಮೂರು ಮುಚ್ಚಳ! ಅಂಥ ಮೂವತ್ತು ಮೂರು ನಿಲುಗಡೆಗೆ ಒಂದು ಲೀಟರ್.

ಗೇರ್‌ಬಾಕ್ಸಿನ ವ್ಯತ್ಯಾಸ ಎಷ್ಟು? ಆಟೋಮ್ಯಾಟಿಕ್‌ನಲ್ಲಿ ನೂರಕ್ಕೆ ಐದು ನಷ್ಟ ಎಂದೇ ಹಿಡಿಯೋಣ. ತಿಂಗಳಿಗೆ 3,000 ಕಿಲೋಮೀಟರ್, ಲೀಟರಿಗೆ 12 ಎಂದರೆ 250 ಲೀಟರ್ ಬೇಕು. ಅದರಲ್ಲಿ ಐದು ಭಾಗ ಹನ್ನೆರಡೂವರೆ ಲೀಟರ್. ಲೀಟರಿಗೆ 90 ರೂಪಾಯಿಯಂತೆ ಸಾವಿರದ ನೂರಿಪ್ಪತ್ತೈದು. ಸಣ್ಣ ಮೊತ್ತವೇನೂ ಅಲ್ಲ. ಆದರೆ 80ರಲ್ಲಿ ಓಡುವವನು 60ಕ್ಕೆ ಇಳಿದರೆ, ಮಿಲ್ಲಿನ ಮುಂದೆ ಸರದಿಗೆ ಕಾಯುವಾಗ ಎಂಜಿನ್ ಆರಿಸಿದರೆ, ಹಂಪನ್ನು ದೂರದಿಂದಲೇ ನೋಡಿ ಆಕ್ಸಿಲರೇಟರ್ ಬಿಟ್ಟರೆ ಉಳಿಯುವುದು ಇದಕ್ಕಿಂತ ಹೆಚ್ಚು.

ಇನ್ನೊಂದು ಮಾತು ಅಪ್ಪನನ್ನು ಬೆರಗುಗೊಳಿಸಿತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂದು ಹಳೆಯ ಡ್ರೈವರುಗಳೆಲ್ಲ ನಂಬಿದ್ದಾರೆ. ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಅದು ಉಲ್ಟಾ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಡೀಸೆಲ್ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಒಂದಿಷ್ಟು ಉರಿಯುತ್ತಲೇ ಇರುತ್ತದೆ. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕಿನ ಮೇಲೆ ಭಾರವೆಲ್ಲ ಬಿದ್ದು ಅಪಾಯ ಬೇರೆ.

ಕೊನೆಗೆ ಅವಳು ಅಪ್ಪನನ್ನೇ ಕೇಳಿದಳು: 'ನೀವು ಗೇರ್ ಯಾವಾಗ ಬದಲಾಯಿಸ್ತೀರಿ? ಮೀಟರ್ ನೋಡ್ಕೊಂಡಾ?' ಅಪ್ಪ ನಕ್ಕರು. 'ಮೀಟರ್ ಯಾಕವ್ವಾ? ಸದ್ದು ಕೇಳಿದ್ರೆ ಗೊತ್ತಾಗಲ್ವಾ? ಭಾರ ಇದ್ದಾಗ ಒಂಥರಾ ಕೂಗ್ತೈತೆ, ಖಾಲಿ ಇದ್ದಾಗ ಒಂಥರಾ.'

ಇಲ್ಲಿ ವಿದ್ಯಾರ್ಥಿಗಳೂ ಪೋಷಕರೂ ಒಂದು ಕ್ಷಣ ನಿಲ್ಲಬೇಕು. ಹತ್ತು ಗೇರಿನ ಯಂತ್ರಕ್ಕೆ ಎಂಜಿನ್ನಿನ ಸುತ್ತು, ಗಾಡಿಯ ವೇಗ, ಆಕ್ಸಿಲರೇಟರಿನ ಒತ್ತಡ ಎಲ್ಲವನ್ನೂ ಅಳೆಯುವ ಸಾಧನಗಳು ಬೇಕು, ಲೆಕ್ಕ ಮಾಡುವ ಕಂಪ್ಯೂಟರ್ ಬೇಕು. ಅದು ಹುಡುಕುವ ಹದವನ್ನೇ ಈ ಡ್ರೈವರ್ ಕಿವಿಯಿಂದ ಹಿಡಿಯುತ್ತಾರೆ. ಇಂಥವರ ಕೈಯಲ್ಲಿ ಮ್ಯಾನುಯಲ್ ಗಾಡಿ ಇಂದಿಗೂ ಆಟೋಮ್ಯಾಟಿಕ್‌ಗೆ ಸಾಟಿ, ಕೆಲವೊಮ್ಮೆ ಮೇಲುಗೈ. ಹಾಫ್ ಕ್ಲಚ್ಚಿನಲ್ಲೇ ಓಡಿಸುವ, ಎಂಜಿನ್ ಅರಚುವವರೆಗೂ ಗೇರ್ ಬದಲಿಸದ ಡ್ರೈವರನಿಗೆ ಆಟೋಮ್ಯಾಟಿಕ್ ಕೊಟ್ಟರೆ ಡೀಸೆಲ್ ಉಳಿದೀತು. ಅಣ್ಣ ತಮ್ಮ ಇಬ್ಬರೂ ಅರ್ಧರ್ಧ ಸರಿ!

ನಾಯಕನಹಟ್ಟಿಯ ಪಕ್ಕದಲ್ಲೇ ಕುದಾಪುರವಿದೆ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಆಸುಪಾಸಿನಲ್ಲೇ ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುವ, 2017ರಲ್ಲಿ ಉದ್ಘಾಟನೆಯಾದ ರಕ್ಷಣಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ವಿಜ್ಞಾನವೆಲ್ಲ ಆ ಬೇಲಿಯ ಆಚೆಗಿದೆ ಎಂದು ಮಕ್ಕಳು ತಿಳಿಯುವುದು ಸಹಜ. ಮನೆ ಮುಂದೆ ನಿಂತ ಪಿಕಪ್ಪಿನಲ್ಲೂ, ಅದನ್ನು ಓಡಿಸುವವರ ಪಾದದಲ್ಲೂ ನ್ಯೂಟನ್ನನ ನಿಯಮಗಳಿವೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ತಿಪ್ಪೇರುದ್ರಸ್ವಾಮಿಯ ಮಾತು ಆ ಊರಿನ ಎಲ್ಲರ ನಾಲಿಗೆಯ ಮೇಲಿದೆ. ಶಕ್ತಿಯ ಲೆಕ್ಕವೂ ಅದೇ. ಮಾಡಿದ ಕೆಲಸಕ್ಕೆ ತಕ್ಕಷ್ಟು ಡೀಸೆಲ್ ಕೊಡಲೇಬೇಕು. ವ್ಯರ್ಥವಾಗಿ ಮಾಡಿದ್ದಕ್ಕೂ ಕೊಡಲೇಬೇಕು.

ಆ ಮನೆಯವರು ಕೊನೆಗೆ ಕೊಂಡದ್ದು ಮ್ಯಾನುಯಲ್ ಪಿಕಪ್ಪನ್ನೇ. ನಮ್ಮಲ್ಲಿ ಸರಕು ಹೊರುವ ಪಿಕಪ್ಪುಗಳು ಬಹುಪಾಲು ಇನ್ನೂ ಹಾಗೆಯೇ ಇವೆ. ಹೈಲಕ್ಸಿನಂಥ ಆಟೋಮ್ಯಾಟಿಕ್ ಪಿಕಪ್ಪಿನ ಬೆಲೆ ಅವರ ಕೈಗೆ ನಿಲುಕುವಂಥದ್ದಲ್ಲ. ಆದರೆ ಮಂಡಿ ನೋವಿನ ಬಗ್ಗೆ ತಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದು ದಿನಕ್ಕೆ ಎಷ್ಟು ಸಲ ಕ್ಲಚ್ ತುಳಿಯಬೇಕೆಂದು ಯಾವ ಮೈಲೇಜ್ ಲೆಕ್ಕವೂ ಹೇಳುವುದಿಲ್ಲ. ಆದ್ದರಿಂದ ಬೆಂಗಳೂರಿನ ಬಾಡಿಗೆಗಳನ್ನು ಈಗ ತಮ್ಮನೇ ನೋಡಿಕೊಳ್ಳುತ್ತಾರೆ.

ಓದುಗರ ಮನೆಯಲ್ಲೂ ಬೈಕೋ ಪಿಕಪ್ಪೋ ಇರಬಹುದು. ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಆ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. ಹೊತ್ತ ಭಾರ, ಹೋದ ರಸ್ತೆ, ಓಡಿಸಿದವರು ಯಾರು ಎಂಬುದನ್ನೂ ಬರೆಯಿರಿ. ಒಂದು ಸಲದ ಲೆಕ್ಕ ನಂಬಬೇಡಿ, ಐದಾರು ಸಲ ಮಾಡಿ. ಆ ಮನೆಯ ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ಅಂಥದೊಂದು ಪುಸ್ತಕವಿದೆ. ಅಂಕಿಗಳನ್ನು ಬರೆಯುವವರು ಅಪ್ಪ, ಭಾಗಿಸುವವಳು ಮಗಳು. ಅವಳು ಟಿ.ವಿ. ಮುಂದೆ ಕೂತರೆ ಅಪ್ಪ ಈಗಲೂ ಗದರುತ್ತಾರೆ. ಸ್ಟೇರಿಂಗಿನ ಮಾತು ಮಾತ್ರ ಎತ್ತುವುದಿಲ್ಲ.