ಬಾಕಿಯ ಪಟ್ಟಿ

ಬಾಕಿ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ಮುಖ ಸಪ್ಪಗಾಗುತ್ತದೆ. ಅಂಗಡಿಯ ಬಾಕಿ, ಕಂದಾಯದ ಬಾಕಿ, ವಿದ್ಯಾರ್ಥಿಗೆ ಪರೀಕ್ಷೆಯ ಬಾಕಿ - ಯಾವುದೂ ಸಂತೋಷದ ವಿಷಯವಲ್ಲ. ಅರಬ್ಬಿಯಿಂದ ಬಂದ ಈ ಶಬ್ದಕ್ಕೆ ಮೂಲದಲ್ಲಿ 'ಉಳಿದದ್ದು' ಎಂಬ ಅರ್ಥದೊಡನೆ 'ನಾಶವಿಲ್ಲದೆ ಉಳಿಯುವಂಥದ್ದು' ಎಂಬ ಅರ್ಥವೂ ಇದೆ. ಮನೆಯ ಬಾಕಿ ಕೆಲಸಗಳನ್ನು ಬಲ್ಲ ಗೃಹಸ್ಥರು ಈ ಎರಡನೆಯ ಅರ್ಥವನ್ನು ಮರುಮಾತಿಲ್ಲದೆ ಒಪ್ಪುವರು.

ಇಂಗ್ಲಿಷಿನ 'ಬ್ಯಾಕ್‌ಲಾಗ್' ಶಬ್ದದ ಹುಟ್ಟು ಇನ್ನೂ ಸ್ವಾರಸ್ಯವಾದುದು. ಹಿಂದಿನ ಕಾಲದಲ್ಲಿ ಅಗ್ಗಿಷ್ಟಿಕೆಯ ಹಿಂಭಾಗದಲ್ಲಿ ಇಡುತ್ತಿದ್ದ ದಪ್ಪ ಕೊರಡಿಗೆ ಆ ಹೆಸರು. ಮುಂದಿನ ಪುಳ್ಳೆಗಳು ಭಗ್ಗನೆ ಉರಿದು ಬೂದಿಯಾದರೂ ಅದು ಮೆಲ್ಲಗೆ ಕಾವು ಹಿಡಿದಿರುತ್ತಿತ್ತು. ಮಲೆನಾಡಿನ ಬಚ್ಚಲೊಲೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಕ್ಕೆ ಒದಗುವ ದಾಸ್ತಾನೆಂಬ ಅರ್ಥ ಅದಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮಾಡದೆ ಉಳಿದ ಕೆಲಸದ ರಾಶಿಯೆಂಬ ಅಪಕೀರ್ತಿ ಅಂಟಿಕೊಂಡದ್ದು ಆಮೇಲೆ.

ಈ ಶಬ್ದವನ್ನು ನಮ್ಮ ಮನೆಯ ಜಗಲಿಗೆ ತಂದವನು ನನ್ನ ತಮ್ಮ. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಅವನಿಗೆ ಉದ್ಯೋಗ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಗರದ ಬಳಿಯ ನಮ್ಮ ಮನೆಗೆ ಬಂದವನು ವರ್ಷವಿಡೀ ಅಲ್ಲಿಂದಲೇ ಕೆಲಸ ಮಾಡಿದ. ನಗರವೆಂದರೆ ಪಟ್ಟಣವೆಂದು ವಾಚಕರು ಭ್ರಮಿಸಬಾರದು. ಇದು ಹೊಸನಗರ ತಾಲ್ಲೂಕಿನ ಊರು. ಕೆಳದಿಯ ಅರಸರ ಬಿದನೂರು. 1763ರಲ್ಲಿ ಹೈದರನ ಕೈಸೇರಿ ಹೈದರನಗರವಾಗಿ, ಕಡೆಗೆ ಬರಿಯ ನಗರವಾಗಿ ಉಳಿಯಿತು.

ಜಗಲಿಯ ಒಂದೇ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದರಿಂದ ತಮ್ಮನ ಆಫೀಸಿನ ಮಾತುಕತೆಯೆಲ್ಲ ಅಪ್ಪಯ್ಯನ ಕಿವಿಗೆ ಬೀಳುತ್ತಿತ್ತು. ಒಂದು ಸಂಜೆ ಅವರು, "ದಿನಾ ಬ್ಯಾಕ್‌ಲಾಗ್ ಬ್ಯಾಕ್‌ಲಾಗ್ ಅಂತೀಯಲ್ಲ, ಅದೇನು ಮಾರಾಯ?" ಎಂದು ಕೇಳಿಯೇಬಿಟ್ಟರು.

ತಮ್ಮ ವಿವರಿಸಿದ. ಹಿಂದೆ ದೊಡ್ಡ ತಂತ್ರಾಂಶವೊಂದನ್ನು ಬರೆಯಬೇಕಾದರೆ ಮೊದಲೇ ವರ್ಷಗಟ್ಟಲೆಯ ಯೋಜನೆ ಹಾಕುತ್ತಿದ್ದರಂತೆ. ಅದು ಮುಗಿಯುವ ವೇಳೆಗೆ ಕೇಳಿದವರ ಅಗತ್ಯವೇ ಬದಲಾಗಿರುತ್ತಿತ್ತು. ಇದರಿಂದ ಬೇಸತ್ತ ಹದಿನೇಳು ಮಂದಿ ತಜ್ಞರು 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡಿನಲ್ಲಿ ಸೇರಿ ಒಂದು ಘೋಷಣೆಯನ್ನು ಬರೆದರು. 'ಅಜೈಲ್', ಎಂದರೆ ಚುರುಕು, ಎಂಬುದು ಆ ಮಾರ್ಗದ ಹೆಸರು. ಈ ಮಾರ್ಗದವರಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮ ಹೀಗೆ: ಮಾಡಬೇಕಾದುದನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆಯುವುದು, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಿರ್ಧರಿಸುವ ಹೊಣೆಯನ್ನು ಒಬ್ಬರಿಗೇ ಕೊಡುವುದು, ಎರಡು ವಾರವೋ ಮೂರು ವಾರವೋ ಗಡುವಿಟ್ಟುಕೊಂಡು, ಅಷ್ಟರಲ್ಲಿ ಮುಗಿಯುವಷ್ಟನ್ನು ಮಾತ್ರ ಮೇಲಿನಿಂದ ಎತ್ತಿಕೊಳ್ಳುವುದು, ಮುಗಿಸಿದ್ದನ್ನು ತೋರಿಸಿ, ಅಭಿಪ್ರಾಯ ಕೇಳಿ, ಪಟ್ಟಿಯನ್ನು ಮತ್ತೆ ಹೊಂದಿಸುವುದು.

"ನಿನ್ನ ಪಟ್ಟಿಯಲ್ಲಿ ಎಷ್ಟಿದೆ?"

"400ಕ್ಕೆ ಮೇಲಿದೆ, ಅಪ್ಪಯ್ಯ."

"ಅದಿರಲಿ. ಇವತ್ತು ರಾತ್ರಿ ಸುಲಿಯುವುದು ಎಷ್ಟು?"

ಅಡಿಕೆಯ ಸೀಮೆಯವರಲ್ಲದವರಿಗೆ ಈ ಪ್ರಶ್ನೆಯ ಮರ್ಮ ತಿಳಿಯಲಾರದು. ಕೆಂಪಡಿಕೆ ಮಾಡುವವರು ಕಾಯಿ ಹಸಿರಾಗಿರುವಾಗಲೇ ಕೊನೆ ಇಳಿಸಬೇಕು. ಇಳಿಸಿದ ಕಾಯನ್ನು ಬಹಳ ದಿನ ಇಡುವಂತಿಲ್ಲ, ಸುಲಿಯಬೇಕು. ಸುಲಿದದ್ದನ್ನು ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಬೇಕು. ಬೆಂದದ್ದಕ್ಕೆ ಬಿಸಿಲು ಬೇಕು, ಹರಡಲು ಸ್ಥಳ ಬೇಕು. ಕೊನೆಗಾರನು ಒಂದು ಬೆಳಗಿನಲ್ಲಿ ಇಳಿಸುವ ಕಾಯಿ ನಾಲ್ಕು ರಾತ್ರಿ ಸುಲಿದರೂ ಮುಗಿಯದಷ್ಟಿರಬಹುದು. ಆದುದರಿಂದ ಅಪ್ಪಯ್ಯ ಲೆಕ್ಕ ಹಾಕುವುದು ಅವನ ಸಾಮರ್ಥ್ಯವನ್ನಲ್ಲ. ಆ ರಾತ್ರಿ ಎಷ್ಟು ಮೆಟ್ಟುಗತ್ತಿಗಳ ಮುಂದೆ ಜನ ಕೂರುತ್ತಾರೆಂಬುದನ್ನು. ಸುಲಿಯುವ ಯಂತ್ರಗಳು ಈಗ ಅನೇಕ ಮನೆಗಳಿಗೆ ಬಂದಿವೆ. ಆದರೆ ಯಂತ್ರಕ್ಕೂ ಹಂಡೆಗೂ ಮಿತಿಯುಂಟು, ಲೆಕ್ಕ ಅದೇ.

ತಮ್ಮ ಬೆರಗಾದ. ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ತಾಯಿಚಿ ಓನೊ ಎಂಬಾತ ಕಳೆದ ಶತಮಾನದ ನಡುಭಾಗದಲ್ಲಿ 'ಕಾನ್‌ಬಾನ್' ಎಂಬ ಚೀಟಿಗಳ ಪದ್ಧತಿಯನ್ನು ತಂದನಂತೆ. ಮುಂದಿನವರು ಕೇಳುವವರೆಗೆ ಹಿಂದಿನವರು ಹೊಸದನ್ನು ತಯಾರಿಸಿ ರಾಶಿ ಹಾಕಬಾರದೆಂಬುದು ಅದರ ತತ್ತ್ವ. ಅದನ್ನೇ ಇವರೂ ಎರವಲು ಪಡೆದಿದ್ದಾರೆ.

ಯಾವುದು ಮೊದಲು ಎಂಬ ವಿಚಾರದಲ್ಲಿಯೂ ತೋಟವು ಸ್ಪಷ್ಟವಾಗಿ ಮಾತಾಡುತ್ತದೆ. ಕಾದರೆ ಕೆಡುವುದು ಯಾವುದೋ ಅದೇ ಮೊದಲು. ಎಳೆಯದಾಗಿ ಕೊಯ್ದರೆ ಸರಕು, ಬಲಿತರೆ ಬೆಟ್ಟೆ, ಹಣ್ಣಾಗಲು ಬಿಟ್ಟರೆ ಗೋಟು. ತಡವಾದಂತೆ ಧಾರಣೆ ಬೇರೆ. ಹುಲಿಕಲ್ಲು, ಮಾಸ್ತಿಕಟ್ಟೆಗಳ ಮಳೆಯನ್ನು ಬಲ್ಲ ಸೀಮೆಯಲ್ಲಿ ಮಳೆ ಹಿಡಿಯುವ ಮುನ್ನ ಕೊನೆಗಳಿಗೆ ಔಷಧಿ ಬೀಳದಿದ್ದರೆ ಕೊಳೆರೋಗ ಕಾದು ಕುಳಿತಿರುವುದಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು. ಆ ದಿನ ಕಲಸಿದ್ದು ಆ ದಿನಕ್ಕೇ. ಆಗ ಮನೆಯ ಸುಣ್ಣಬಣ್ಣದ ಮಾತನ್ನು ಯಾರೂ ಎತ್ತುವುದಿಲ್ಲ.

ಆದರೆ ಮನೆಗಳಲ್ಲಿ ಇನ್ನೊಂದು ಬಗೆಯ ಬಾಕಿಯುಂಟು. ಅದು ಕೂಗುವುದಿಲ್ಲ, ಕೆಡುತ್ತಿರುವುದು ಹೊರಗೆ ಕಾಣುವುದೂ ಇಲ್ಲ. ಅಮ್ಮನ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಕೇಳಿದಾಗಲೆಲ್ಲ "ಕೊಯ್ಲು ಮುಗಿಯಲಿ" ಎನ್ನುತ್ತಿದ್ದಳು. ಕೊಯ್ಲು ಮುಗಿದರೆ ಉಪ್ಪಿನಕಾಯಿ, ಹಪ್ಪಳ, ಸೌದೆ, ಆಮೇಲೆ, "ಈ ಮಳೆಯಲ್ಲಿ ಯಾರು ಹೋಗುತ್ತಾರೆ?" ಮನೆಯ ಪಟ್ಟಿಯ ಯಜಮಾನಿಕೆ ಆಕೆಯದೇ. ತನ್ನ ಕೆಲಸವನ್ನು ಆಕೆ ಪ್ರತಿ ಸಲವೂ ತಾನೇ ಅಡಿಗೆ ತಳ್ಳುತ್ತಿದ್ದಳು. ರಾತ್ರಿ ಮಾತ್ರ ಹರಿತವಾದ ಮೆಟ್ಟುಗತ್ತಿಯ ಮುಂದೆ, ಕಣ್ಣಿಗಿಂತ ಹೆಚ್ಚಾಗಿ ಬೆರಳನ್ನೇ ನಂಬಿ ಕೂರುತ್ತಿದ್ದಳು.

ಹಳೆಯ ಬಾಕಿಗಳ ವಿಷಯದಲ್ಲಿ ತಮ್ಮನ ಆಫೀಸಿನಲ್ಲಿ ಒಂದು ನಿಯಮವಿದೆಯಂತೆ: ಬಹುಕಾಲ ತಳದಲ್ಲೇ ಬಿದ್ದಿರುವುದನ್ನು ಎತ್ತಿ ಮಾಡಬೇಕು, ಇಲ್ಲವೆ ಹೊಡೆದುಹಾಕಬೇಕು, ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಆ ಸಂಜೆ ಅವನು ಮನೆಯ ಕೆಲಸಗಳನ್ನೆಲ್ಲ ಕಾಗದಕ್ಕಿಳಿಸಿ ಒಂದೊಂದಾಗಿ ಓದಿದ. ತೋಟದಾಚೆಯ ಹಳೆಯ ಬೇಲಿಯನ್ನು ಅಪ್ಪಯ್ಯ ಹೊಡೆದುಹಾಕಿಸಿದರು. ಪಕ್ಕದವರು ಹೊಸದನ್ನು ಹಾಕಿ ಮೂರು ವರ್ಷವಾಗಿತ್ತು. ಕೊನೆಯ ಸಾಲಿಗೆ ಬಂದು, "ಅಮ್ಮ, ನಿನ್ನ ಕಣ್ಣನ್ನೂ ಹೊಡೆದುಹಾಕಲೆ?" ಎಂದ.

ಅಮ್ಮ ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಡೆದುಹಾಕುವುದಕ್ಕೆ ಅದೇನು ಬೇಲಿಯೇನೋ?" ಎಂದಳು.

2021ರ ಜನವರಿಯಲ್ಲಿ, ಕೊಯ್ಲಿನ ನಡುವೆಯೇ, ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಒಂದು ಮೆಟ್ಟುಗತ್ತಿ ಖಾಲಿಯಾದ್ದರಿಂದ ಅಪ್ಪಯ್ಯ ಕೊನೆಗಾರನಿಗೆ ಅಷ್ಟು ಮರ ಕಡಿಮೆ ಹೇಳಿದರು. ಕೆಳತೋಟದ ಒಂದಷ್ಟು ಕೊನೆ ಹಣ್ಣಾಗಿ ಗೋಟಾಯಿತು, ನಷ್ಟವೂ ಆಯಿತು. ಆ ನಷ್ಟವನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಒಂದನ್ನು ಮೊದಲಿಗೆ ತರುವುದೆಂದರೆ ಇನ್ನೊಂದನ್ನು ತಿಳಿದೂ ತಿಳಿದೂ ಹಿಂದಿಡುವುದು. ಎಲ್ಲವನ್ನೂ ಮೊದಲಿಗೇ ಇಟ್ಟುಕೊಳ್ಳುವ ಉಪಾಯವನ್ನು ಯೂಟಾದವರೂ ಕಂಡುಹಿಡಿದಿಲ್ಲ.

ಪಟ್ಟಿಯಿಲ್ಲದ ಮನೆಯಿಲ್ಲ. ತಿಂಗಳಿಗೊಮ್ಮೆಯಾದರೂ ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ ನೋಡಬೇಕೆಂದು ನನಗೆ ತೋರುತ್ತದೆ. ತಮಗಾಗಿ ಏನನ್ನೂ ಕೇಳದವರ ಕೆಲಸ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ಇನ್ನು ಅಮ್ಮನ ವಿಷಯ. ಕಣ್ಣು ತಿಳಿಯಾದ ಮೇಲೆ ನನ್ನ ಪುಸ್ತಕದ ಕಪಾಟಿನ ಧೂಳೂ ಅಡಿಗೆಮನೆಯ ಮಾಡಿನ ಜೇಡರ ಬಲೆಯೂ ಆಕೆಗೆ ಚೆನ್ನಾಗಿ ಕಾಣತೊಡಗಿವೆ. ನಮ್ಮ ಬಾಕಿಯ ಪಟ್ಟಿ ಮೊದಲಿಗಿಂತ ಉದ್ದವಾಗಿದೆ.